ಮರಳುಗಾಡಿಗೆ ಹೊರಡುವ ಮುನ್ನ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವಿದ್ಯಾರ್ಥಿಗಳಲ್ಲಿ ಈಚೆಗೆ ಒಂದು ಹೊಸ ಉತ್ಸಾಹ ಕಾಣುತ್ತಿದೆ. ಚಳಿಗಾಲದ ರಜೆಯಲ್ಲಿ ರಾಜಸ್ಥಾನದ ಥಾರ್ ಮರುಭೂಮಿಗೆ ಹೋಗಿ, ಜೈಸಲ್ಮೇರಿನ ಬಳಿಯ ಮರಳುದಿಬ್ಬಗಳ ನಡುವೆ ಡೇರೆಯಲ್ಲಿ ಎರಡು ಮೂರು ರಾತ್ರಿ ಕಳೆದು ಬರಬೇಕೆಂಬುದು ಅವರ ಆಸೆ. ಬೆಟ್ಟ, ಹೊಳೆ, ಕಾಡುಗಳ ನಡುವೆ ಬೆಳೆದವರಿಗೆ ಮರಳುಗಾಡಿನ ಕುತೂಹಲ ಹುಟ್ಟುವುದು ಸಹಜ. ಹಿರಿಯರಲ್ಲಿ ಕೆಲವರು ಇದನ್ನು ದುಂದುವೆಚ್ಚವೆಂದು ತಳ್ಳಿಹಾಕುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹೋಗಲೇಬೇಕು, ಆದರೆ ಹೊರಡುವ ಸಿದ್ಧತೆ ಟಿಕೆಟ್ಟಿನಿಂದ ಆರಂಭವಾಗಬಾರದು, ನೀರಿನಿಂದ ಆರಂಭವಾಗಬೇಕು.

ಮೊದಲು ಅಂಕಿಗಳನ್ನು ಗಮನಿಸೋಣ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ. ನಮ್ಮ ಜಿಲ್ಲೆಯ ಸಕಲೇಶಪುರದಲ್ಲಿ ಅದು 2000 ಮಿಲಿಮೀಟರನ್ನು ಮೀರುತ್ತದೆ. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಮಳೆ ಕುಗ್ಗುತ್ತಾ ಹೋಗಿ, ಚನ್ನರಾಯಪಟ್ಟಣ ತಲುಪುವ ವೇಳೆಗೆ 700 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಒಂದೇ ಜಿಲ್ಲೆಯೊಳಗೆ, ಬಸ್ಸಿನಲ್ಲಿ ಅರ್ಧ ದಿನದೊಳಗೆ ಕ್ರಮಿಸಬಹುದಾದ ದಾರಿಯಲ್ಲಿ, ಮಲೆನಾಡು ಬಯಲುಸೀಮೆಯಾಗಿ ಮಾರ್ಪಡುತ್ತದೆ. ಬೆಟ್ಟದವರಾದ ನಾವು ಈ ಏರುಪೇರನ್ನು ನಿತ್ಯ ಕಂಡರೂ ಅದರ ಅರ್ಥವನ್ನು ಯೋಚಿಸಿದ್ದು ಕಡಿಮೆ. ಮರುಭೂಮಿಯ ಶಿಬಿರ ಆ ಯೋಚನೆಗೆ ಪ್ರೇರಣೆಯಾದರೆ ಅದು ಸಾರ್ಥಕ.

ಥಾರ್ ಎಂದರೆ ಬರಿಯ ಮರಳಲ್ಲ. ಪ್ರಪಂಚದ ಮರುಭೂಮಿಗಳಲ್ಲಿ ಅತಿ ಹೆಚ್ಚು ಜನವಸತಿಯುಳ್ಳದ್ದು ಅದು ಎನ್ನಲಾಗುತ್ತದೆ. ಅಲ್ಲಿನ ರೈತ ಸಜ್ಜೆ, ಮಡಿಕೆ ಕಾಳು, ಗೋರಿಕಾಯಿ ಬೆಳೆಯುತ್ತಾನೆ. ಸೇವಣ್ ಎಂಬ ಹುಲ್ಲನ್ನು ಮೇಯ್ದು ಥಾರ್‌ಪಾರ್ಕರ್ ತಳಿಯ ಹಸುಗಳು ಹಾಲು ಕೊಡುತ್ತವೆ. ಜೈಸಲ್ಮೇರಿನ ಸುತ್ತಲಿನ ‘ಖಡೀನ್’ ಪದ್ಧತಿಯನ್ನು ಕೃಷಿ ವಿದ್ಯಾರ್ಥಿಗಳು ತಪ್ಪದೆ ನೋಡಬೇಕು. ಪಾಲಿವಾಲ ಬ್ರಾಹ್ಮಣರು ಸುಮಾರು ಹದಿನೈದನೆಯ ಶತಮಾನದಲ್ಲಿ ಬೆಳೆಸಿದ ಕ್ರಮವಿದು. ಕಲ್ಲುನೆಲದ ಇಳಿಜಾರಿನಿಂದ ಹರಿದುಬರುವ ಮಳೆನೀರಿಗೆ ತಗ್ಗಿನಲ್ಲಿ ಮಣ್ಣಿನ ಏರಿ ಕಟ್ಟುತ್ತಾರೆ. ನೀರು ಅಲ್ಲಿ ನಿಂತು, ಇಂಗಿ, ಮಣ್ಣು ತೇವವನ್ನು ಹಿಡಿದುಕೊಂಡ ಮೇಲೆ ಅದೇ ನೆಲದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಹೆಚ್ಚು ನೆಲದ ನೀರು ಸ್ವಲ್ಪ ನೆಲಕ್ಕೆ ಎಂಬುದು ಇದರ ಸೂತ್ರ. ಕುಡಿಯುವ ನೀರಿಗಾಗಿ ‘ಟಾಂಕಾ’ ಎಂಬ ನೆಲದೊಳಗಿನ ತೊಟ್ಟಿಗಳಿವೆ. ತೊಟ್ಟಿಯ ಸುತ್ತಲಿನ ನೆಲವನ್ನು ಗುಡಿಸಿ, ಬಡಿದು, ಇಳಿಜಾರು ಮಾಡಿ, ಬಿದ್ದ ಹನಿಯನ್ನೆಲ್ಲ ಒಳಗೆ ಹರಿಸುತ್ತಾರೆ. ಆ ನೆಲದ ಮೇಲೆ ಚಪ್ಪಲಿ ಹಾಕಿ ನಡೆಯುವುದೂ ಹಲವೆಡೆ ನಿಷಿದ್ಧ.

ಇದನ್ನು ನೋಡಿದವನ ಮನಸ್ಸು ಊರಿನ ಕಡೆಗೆ ತಿರುಗದೆ ಇರದು. ಅದರ ಮೂರು ಪಟ್ಟಿಗಿಂತ ಹೆಚ್ಚು ಮಳೆ ಬೀಳುವ ಚನ್ನರಾಯಪಟ್ಟಣದ ಕಡೆ ಕೊಳವೆಬಾವಿಗಳು ನೂರಾರು ಅಡಿ ಆಳಕ್ಕಿಳಿದರೂ ಬರಗಾಲದಲ್ಲಿ ತೆಂಗಿನ ತೋಟ ಒಣಗುತ್ತದೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಆ ಹೆಸರು ಬಂದಿರುವುದೇ ಒಂದು ಬಿಳಿಯ ಕೊಳದಿಂದ. ಊರಿಗೆ ಕೊಳದ ಹೆಸರಿಟ್ಟ ಜನರ ವಂಶದವರು ಕೆರೆಗೆ ನೀರು ತರುವ ಕಾಲುವೆಯನ್ನು ಒತ್ತುವರಿ ಮಾಡಿ, ಅಂತರ್ಜಲವನ್ನು ಮಾತ್ರ ನಂಬಿ ಕುಳಿತಿರುವುದು ವಿಷಾದದ ಸಂಗತಿ. ಹೊಳೆನರಸೀಪುರ, ಅರಕಲಗೂಡುಗಳವರಿಗೆ ಹೇಮಾವತಿ, ಕಾವೇರಿಗಳ ಆಸರೆಯಿದೆ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಮೇಲೆ ನಾಲೆಯ ನೀರಿನ ಭರವಸೆಯೂ ಸೇರಿತು. ಆದರೆ ನಾಲೆ ಬಂದೊಡನೆ ಕೆರೆಯನ್ನು ಮರೆಯುವ ಚಾಳಿ ಅಪಾಯಕಾರಿ. ಥಾರಿನಲ್ಲಿ ಇಂದಿರಾ ಗಾಂಧಿ ಕಾಲುವೆಯ ನೀರು ಹರಿದ ಕೆಲವು ಕಡೆ ನೆಲ ಜೌಗಾಗಿ, ಉಪ್ಪು ಮೇಲೆದ್ದು ಹಾಳಾಯಿತು. ನೀರು ಕಡಿಮೆಯಾದರೆ ಮಾತ್ರವಲ್ಲ, ಅಳತೆಗೆಟ್ಟರೂ ನೆಲ ಕೆಡುತ್ತದೆ.

ಮರುಭೂಮಿಗೆ ಹೋಗುವವರು ಒಂದು ಮಾತನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. ‘ಪಾಳು’ ಎಂಬುದು ಆ ಮಾತು. ಮರವಿಲ್ಲದ ನೆಲವೆಲ್ಲ ನಿರುಪಯುಕ್ತವೆಂದು ಬಗೆಯುವುದು ಕಾಡಿನವರ ಕಣ್ಣಿನ ದೋಷ. ಈ ದೋಷದ ಫಲವನ್ನು ಹುಲ್ಲುಗಾವಲುಗಳು ಅನುಭವಿಸಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಒಂಬತ್ತು ಸಾವಿರ ಎಕರೆಗೂ ಹೆಚ್ಚು ನೆಲವನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹಂಚಲಾಯಿತು. ಕುರಿಗಾಹಿಗಳೂ ಕಂಬಳಿ ನೇಯುವವರೂ ಮೇವಿನ ನೆಲ ಕಳೆದುಕೊಂಡರು. ಹಸಿರು ಮಾಡುವ ಆತುರದಲ್ಲಿ ಥಾರಿಗೂ ನಮ್ಮ ಬಯಲುಸೀಮೆಗೂ ತಂದ ಬಳ್ಳಾರಿ ಜಾಲಿ ಇಂದು ಕೆರೆಯಂಗಳಗಳನ್ನೇ ನುಂಗುತ್ತಿದೆ. ನೀಲಗಿರಿಯ ಕಥೆಯೂ ಇದೇ. ಅದನ್ನು ಹೊಸದಾಗಿ ನೆಡುವುದನ್ನು ನಮ್ಮ ಸರ್ಕಾರ 2017ರಲ್ಲಿ ನಿಷೇಧಿಸಬೇಕಾಯಿತು. ನಿಜವಾದ ಮರುಭೂಮಿ ಪ್ರಕೃತಿಯ ಸೃಷ್ಟಿ. ಅದಕ್ಕೆ ತನ್ನದೇ ಜೀವಜಾಲವಿದೆ. ನೆಲವನ್ನು ಕೆಡಿಸಿ ಮರುಭೂಮಿಯಂತೆ ಮಾಡುವುದು ಮನುಷ್ಯನ ಕೃತ್ಯ. ಇಸ್ರೋ 2021ರಲ್ಲಿ ಪ್ರಕಟಿಸಿದ ಭೂಪಟದ ಪ್ರಕಾರ ದೇಶದ ಶೇಕಡ 29.77ರಷ್ಟು ಭೂಮಿ ಸವಕಳಿಗೆ ಒಳಗಾಗಿದೆ. ಇವೆರಡರ ವ್ಯತ್ಯಾಸ ತಿಳಿಯದವನು ಪರಿಸರದ ಹೆಸರಿನಲ್ಲಿಯೇ ಪರಿಸರಕ್ಕೆ ಕೇಡು ಮಾಡಬಲ್ಲ.

ಅಲ್ಲಿ ನಮಗೆ ಪರಿಚಿತವಾದವುಗಳೂ ಇವೆ. ಥಾರಿನ ಖೇಜಡಿ ಮರ ನಾವು ವಿಜಯದಶಮಿಯಂದು ಪೂಜಿಸುವ ಬನ್ನಿಯೇ. ಜೋಧಪುರದ ಸಮೀಪದ ಖೇಜಡ್ಲಿ ಗ್ರಾಮದಲ್ಲಿ 1730ರಲ್ಲಿ ಈ ಮರಗಳನ್ನು ಕಡಿಯಲು ಅರಸನ ಆಳುಗಳು ಬಂದಾಗ, ಅಮೃತಾದೇವಿಯ ಹಿಂದೆ 363 ಮಂದಿ ಬಿಷ್ಣೋಯಿಗಳು ಮರಗಳನ್ನು ಅಪ್ಪಿ ನಿಂತು ಪ್ರಾಣ ಕೊಟ್ಟರು. 1983ರಲ್ಲಿ ಉತ್ತರ ಕನ್ನಡದ ಸಲ್ಕಣಿಯಲ್ಲಿ ಆರಂಭವಾದ ಅಪ್ಪಿಕೊ ಚಳವಳಿಯನ್ನು ನೆನೆಯುವ ನಾವು, ಅದರ ಹಿರಿಯ ನೆನಪು ಮರಳುಗಾಡಿನಲ್ಲಿದೆ ಎಂಬುದನ್ನು ಮರೆಯಬಾರದು. ನಮ್ಮ ದೇವರಕಾಡುಗಳಂತೆ ಅಲ್ಲಿ ‘ಓರಣ್’ಗಳಿವೆ. ದೇವರ ಹೆಸರಿನಲ್ಲಿ ಬಿಟ್ಟ ಈ ನೆಲಗಳಲ್ಲಿ ದನಕರು ಮೇಯಬಹುದು, ಹಸಿಮರಕ್ಕೆ ಕೊಡಲಿ ಹಾಕುವಂತಿಲ್ಲ. ಇವುಗಳನ್ನು ಗುರುತಿಸಿ ಅರಣ್ಯವೆಂದು ಅಧಿಸೂಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ರಾಜಸ್ಥಾನ ಸರ್ಕಾರಕ್ಕೆ ಆದೇಶಿಸಿತು.

ಇನ್ನು ಡೇರೆಗಳ ವಿಚಾರ. ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ಎಂಬಲ್ಲಿ ದಿಬ್ಬಗಳ ಪಕ್ಕದಲ್ಲಿ ಸಾಲು ಸಾಲಾಗಿ ಡೇರೆಗಳೆದ್ದಿವೆ. ರಾತ್ರಿ ಧ್ವನಿವರ್ಧಕ, ಹಗಲು ದಿಬ್ಬವೇರುವ ಜೀಪು. 1980ರ ದಶಕದ ಆರಂಭದಲ್ಲಿ ರೂಪುಗೊಂಡ, 3162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನ ಇದೇ ಸೀಮೆಯಲ್ಲಿದೆ. ಕನ್ನಡದಲ್ಲಿ ಎರ್ಲಡ್ಡು, ದೊರೆವಾಯನಹಕ್ಕಿ ಎಂದು ಕರೆಯುವ ದೊಡ್ಡ ಪಕ್ಷಿಯ ಕೊನೆಯ ಮುಖ್ಯ ನೆಲೆ ಅದು. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಈ ಹಕ್ಕಿಗೆ ನಾಯಿ, ವಾಹನ, ವಿದ್ಯುತ್ ತಂತಿ ಎಲ್ಲವೂ ಶತ್ರುಗಳೇ. ತಂತಿಗಳ ವಿಷಯ 2021ರಲ್ಲಿಯೂ 2024ರಲ್ಲಿಯೂ ಸರ್ವೋಚ್ಚ ನ್ಯಾಯಾಲಯದ ಮುಂದೆ ವಿಚಾರಣೆಗೆ ಬಂದಿತು. ಹಿಂದೆ ರಾಣೆಬೆನ್ನೂರಿನ ಬಯಲುಗಳಲ್ಲಿಯೂ ಇದ್ದ ಈ ಹಕ್ಕಿ ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟೇ ಉಳಿದಿದೆ.

ವಾರದ ಕೊನೆಯಲ್ಲಿ ನಗರದಿಂದ ಬಂದವರು ಸಕಲೇಶಪುರದ ಹುಲ್ಲುಬೆಟ್ಟಗಳ ಮೇಲೆ ಜೀಪು ಓಡಿಸಿ, ಹೊಳೆಗೆ ಸೀಸೆ ಎಸೆದು, ರಾತ್ರಿಯೆಲ್ಲ ಗದ್ದಲ ಮಾಡಿದರೆ ನಾವು ಸಿಟ್ಟಾಗುತ್ತೇವೆ; ಸಿಟ್ಟಾಗುವುದು ನ್ಯಾಯವೂ ಹೌದು. ಅದೇ ನಾವು ಸಾವಿರಾರು ಮೈಲಿ ದಾಟಿ ಇನ್ನೊಬ್ಬರ ಮನೆಯಂಗಳದಲ್ಲಿ ಅದನ್ನೇ ಮಾಡಿದರೆ ನಮ್ಮ ಹೋರಾಟದ ಮಾತಿಗೆ ಬೆಲೆ ಉಳಿಯುವುದಿಲ್ಲ. ನಮ್ಮ ಬೆಟ್ಟಕ್ಕೆ ಬರುವ ಅತಿಥಿಯಿಂದ ಏನನ್ನು ಬಯಸುತ್ತೇವೆಯೋ ಅದನ್ನೇ ಅಲ್ಲಿ ಪಾಲಿಸುವುದು ಶಿಬಿರದ ಮೊದಲ ನಿಯಮವಾಗಲಿ.

‘ಅಷ್ಟು ದೂರ ಹೋಗುವುದೇ ಪರಿಸರಕ್ಕೆ ಹೊರೆಯಲ್ಲವೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಖರ್ಚು ಭರಿಸಲಾರದ ಮನೆಗಳ ಮಕ್ಕಳೂ ನಮ್ಮಲ್ಲಿದ್ದಾರೆ. ಆದ್ದರಿಂದ ಮೊದಲ ವರ್ಷ ಹತ್ತಿರದ ಮರಳಿಗೆ ಹೋಗೋಣ. ಹೇಮಾವತಿಯನ್ನು ಕೂಡಿಸಿಕೊಂಡು ಮುಂದೆ ಹರಿಯುವ ಕಾವೇರಿಯ ದಡದಲ್ಲಿ, ತಲಕಾಡಿನ ದೇವಾಲಯಗಳನ್ನು ಹೂತ ಮರಳುದಿಬ್ಬಗಳಿವೆ. ಜನರು ಅದಕ್ಕೆ ಅಲಮೇಲಮ್ಮನ ಶಾಪ ಕಾರಣವೆನ್ನುತ್ತಾರೆ. ಕೃಷಿ ವಿಜ್ಞಾನಿ ಕೆ. ಎನ್. ಗಣೇಶಯ್ಯನವರು, ಹದಿನಾಲ್ಕನೆಯ ಶತಮಾನದಲ್ಲಿ ಮಾಧವ ಮಂತ್ರಿ ಕಟ್ಟಿಸಿದ ಅಣೆಯಿಂದ ನದಿಯ ಪಾತ್ರ ಬದಲಾಗಿ ಮರಳು ಬಯಲಾದದ್ದೇ ಮೂಲವೆಂದು ವಾದಿಸಿದ್ದಾರೆ. ಒಂದು ಕಟ್ಟೆ ಒಂದು ಊರಿನ ಮೇಲೆ ಎಂತಹ ಪರಿಣಾಮ ಬೀರಬಲ್ಲುದೆಂಬ ಪಾಠ ಅಲ್ಲಿದೆ. ಎರಡನೆಯ ವರ್ಷ ಚಳ್ಳಕೆರೆಯ ಕಾವಲುಗಳು, ಮಧುಗಿರಿ ತಾಲ್ಲೂಕಿನ ಜಯಮಂಗಲಿಯ ಕೃಷ್ಣಮೃಗಗಳ ಬಯಲು. ಈ ಎರಡನ್ನೂ ಕಂಡವರು ಮೂರನೆಯ ವರ್ಷ ಥಾರಿಗೆ ಹೊರಡಲಿ. ಆಗ ಆ ಪ್ರಯಾಣ ಮೋಜಾಗಿ ಮುಗಿಯದೆ ಅಧ್ಯಯನವಾಗುತ್ತದೆ.

ಹೊರಡುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ನವೆಂಬರಿನಿಂದ ಫೆಬ್ರುವರಿಯವರೆಗೆ ಮಾತ್ರ ಹೋಗಬೇಕು. ಬೇಸಿಗೆಯಲ್ಲಿ ಅಲ್ಲಿ ಶಿಬಿರ ಮಾಡುವುದು ಪ್ರಾಣಕ್ಕೇ ಅಪಾಯ. ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿದೆ. ಚಳಿಗಾಲದ ರಾತ್ರಿಗಳಾದರೋ ಮಲೆನಾಡಿನವರನ್ನೂ ನಡುಗಿಸುವಂಥವು. ಕಂಬಳಿ, ಉಣ್ಣೆಯ ಟೋಪಿ ಇರಲಿ. ಅರಸೀಕೆರೆಯ ಮೂಲಕ ಅಜ್ಮೀರಕ್ಕೆ ಹೋಗುವ ರೈಲಿದೆ. ಅಲ್ಲಿಂದ ಜೋಧಪುರದ ಮಾರ್ಗವಾಗಿ ಮುಂದುವರಿಯಬಹುದು. ಜೋಧಪುರದಲ್ಲಿ ಒಂದು ದಿನ ನಿಂತು ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯನ್ನು ನೋಡಬೇಕು. 1952ರಲ್ಲಿ ಮರುಭೂಮಿಯ ಅರಣ್ಯೀಕರಣ ಕೇಂದ್ರವಾಗಿ ಆರಂಭವಾಗಿ 1959ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆ ದಿಬ್ಬಗಳ ಚಲನೆಯನ್ನು ತಡೆಯುವ ವಿಧಾನಗಳನ್ನು ರೂಪಿಸಿದೆ. ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಿರಿ. ಗಡಿಗೆ ಸಮೀಪದ ಕೆಲವು ಪ್ರದೇಶಗಳಿಗೂ ಅನುಮತಿ ಬೇಕಾಗುತ್ತದೆ. ಗುರುತಿನ ಚೀಟಿ ಎಲ್ಲರ ಬಳಿ ಇರಲಿ. ಕುಡಿಯಲು ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರಿನ ಲೆಕ್ಕ ಹಿಡಿಯಿರಿ. ತಂಗುವ ಜಾಗ ಗೊತ್ತುಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ನಿಮ್ಮಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಕಸ ಎಲ್ಲಿಗೆ ಹೋಗುತ್ತದೆ? ದುಡಿಯುವವರು ಯಾವ ಊರಿನವರು? ಸಮರ್ಪಕ ಉತ್ತರ ಸಿಗದಿದ್ದರೆ ಬೇರೆ ಜಾಗ ಹುಡುಕಿ. ಸಾಧ್ಯವಾದರೆ ಹಳ್ಳಿಯವರ ಮನೆಗಳಲ್ಲಿಯೇ ಉಳಿದು, ಸಜ್ಜೆಯ ರೊಟ್ಟಿ ತಿಂದು, ಅವರು ಸ್ನಾನಕ್ಕೆ ಬಳಸುವಷ್ಟೇ ನೀರು ಬಳಸಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಚೇಳು, ಮಂಡಲದ ಹಾವುಗಳಿರುವ ನೆಲವದು.

ಈ ಶಿಬಿರದ ಮಾತನ್ನು ಇಷ್ಟು ಗಂಭೀರವಾಗಿ ಎತ್ತಿಕೊಳ್ಳಲು ಕಾರಣವಿದೆ. ಸಕಲೇಶಪುರದ ಬೆಟ್ಟಗಳಿಂದ ಪೂರ್ವದ ಬರಸೀಮೆಗೆ ನೀರು ಒಯ್ಯುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, ಅದರ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಕಾಡು ಕಡಿದು, ಬೆಟ್ಟ ಬಗೆದು ಮಾಡಿದ ಈ ಕಾಮಗಾರಿಯನ್ನು ನಾವು ವಿರೋಧಿಸಿದೆವು. ಆ ವಿರೋಧ ಇಂದಿಗೂ ಸರಿಯೆಂದೇ ನನ್ನ ನಂಬಿಕೆ. ಆದರೆ ಕೋಲಾರದ ತಾಯಿಯೊಬ್ಬಳು ‘ನಮಗೆ ಕುಡಿಯಲು ಏನು ಮಾಡಲಿ?’ ಎಂದು ಕೇಳಿದರೆ ಬೆಟ್ಟದವರ ಬಳಿ ‘ಬೇಡ’ ಎಂಬುದರ ಹೊರತು ಬೇರೆ ಉತ್ತರ ಇರಬೇಕಲ್ಲವೇ? ಬಾಯಾರಿಕೆಯನ್ನು ಕಾಣದವನು ಹೇಳುವ ‘ಬೇಡ’ ಜಿಪುಣತನದಂತೆ ಕೇಳಿಸುತ್ತದೆ. ಬಿದ್ದ 200 ಮಿಲಿಮೀಟರ್ ಮಳೆಯಲ್ಲಿ ಬದುಕು ಕಟ್ಟಿದವರನ್ನು ಕಂಡು ಬಂದವನು, ಕೆರೆ ಕಾಲುವೆ ಸರಿಪಡಿಸಿ ಬಿದ್ದಲ್ಲಿಯೇ ನೀರು ಹಿಡಿಯಿರೆಂದು ಬಯಲಿನವರಿಗೆ ಗೌರವದಿಂದ, ಆಧಾರಸಹಿತ ಹೇಳಬಲ್ಲ. ತಾನೂ ತನ್ನೂರಿನಲ್ಲಿ ಅದನ್ನು ಮಾಡಿ ತೋರಿಸಬಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಶಿಬಿರಕ್ಕೆ ಹೆಸರು ಕೊಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ತನ್ನ ಊರಿನ ಕೆರೆ, ಕಟ್ಟೆ, ಬಾವಿಗಳ ಪಟ್ಟಿ ತಯಾರಿಸಲಿ. ಯಾವುದರಲ್ಲಿ ನೀರಿದೆ, ಯಾವುದಕ್ಕೆ ನೀರು ಬರುವ ದಾರಿ ಮುಚ್ಚಿದೆ ಎಂದು ಬರೆಯಲಿ. ಆ ಪಟ್ಟಿಯೇ ಪ್ರವೇಶಪತ್ರ. ಮರಳಿ ಬಂದ ಒಂದು ತಿಂಗಳೊಳಗೆ ಗ್ರಾಮಸಭೆಯಲ್ಲಿ ಅದನ್ನೂ, ಥಾರಿನಲ್ಲಿ ಕಂಡದ್ದನ್ನೂ ಒಟ್ಟಿಗೆ ಮಂಡಿಸಿ, ಮುಚ್ಚಿದ ಒಂದು ಕಾಲುವೆಯನ್ನಾದರೂ ತೆರೆಯಿಸಲು ಊರಿನವರನ್ನು ಒಪ್ಪಿಸಲಿ. ಈ ಷರತ್ತಿಗೆ ಒಪ್ಪುವ ಹತ್ತು ಮಂದಿ ಸಿಕ್ಕರೂ ಸಾಕು, ಶಿಬಿರ ನಡೆಯಲಿ.