ಮಿತಿ ಎಲ್ಲಿಂದ?

ಕಾಲೇಜು ಸೇರುವ ಮಗಳಿಗೆ ಅಗ್ಗದ ಲ್ಯಾಪ್‌ಟಾಪ್ ಸಾಕೋ, ಹೆಚ್ಚು ಸಾಮರ್ಥ್ಯದ ಮಧ್ಯಮ ಬೆಲೆಯದ್ದು ಬೇಕೋ ಎಂಬ ಪ್ರಶ್ನೆಯೂ ಶ್ರಾವಕನ ಪರಿಗ್ರಹ ಪರಿಮಾಣ ವ್ರತಕ್ಕೆ ಸೇರಿದ್ದೇ. ಉಮಾಸ್ವಾತಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನ ಬೆಲೆಯಿಂದ ಅಳೆಯಲಿಲ್ಲ. ಮೂರ್ಛೆಯನ್ನು, ಅಂದರೆ ಮಮಕಾರವನ್ನು, ಪರಿಗ್ರಹವೆಂದರು. ಹಾಗಾಗಿ ಅಗ್ಗದ್ದನ್ನು ಕೊಂಡ ಮಾತ್ರಕ್ಕೆ ವ್ರತಪಾಲನೆಯಾಗದು. ಬರೆಯಲು, ಪಾಠ ಕೇಳಲು 8 ಜಿಬಿ ಮೆಮೊರಿಯ ಯಂತ್ರ ಸಾಕು. ಕಟ್ಟಡಗಳ ನಕ್ಷೆ ರಚಿಸುವ ವಿದ್ಯಾರ್ಥಿನಿಗೆ 16 ಜಿಬಿ ಬೇಕಾದೀತು. ಅಲ್ಲಿ ಅಗ್ಗದ್ದನ್ನು ತಂದು ಎರಡೇ ವರ್ಷದಲ್ಲಿ ಬಿಸುಟರೆ ಖರ್ಚೂ ಇಮ್ಮಡಿ, ಮಣ್ಣಿಗೆ ಬೀಳುವ ವಿಷಲೋಹಗಳಿಂದ ಜೀವಹಿಂಸೆಯೂ ಹೌದು. ಆದರೆ ಗೆಳತಿಯ ಬಳಿ ಇದೆಯೆಂಬುದಷ್ಟೇ ಕಾರಣವಾಗಿ ತಂದೆ ಸಾಲಕ್ಕೆ ಕೈಯೊಡ್ಡಿದರೆ? ಪರರ ಸಂಪತ್ತು ಕಂಡು ಹುಟ್ಟುವ ವಿಸ್ಮಯವನ್ನು ಸಮಂತಭದ್ರಾಚಾರ್ಯರು ಈ ವ್ರತದ ಐದು ಅತಿಚಾರಗಳಲ್ಲಿ ಎಣಿಸಿದ್ದಾರೆ.