ಸೊಸೈಟಿಯೊಳಗ ರೊಕ್ಕ ಇಡೋದು ಚೊಲೋನೋ, ಬ್ಯಾಂಕಿನ್ಯಾಗೋ?

ಈ ಸಲ ಕಥೆ ಇಲ್ಲ, ಕವನ ಇಲ್ಲ, ಸಿನಿಮಾ ವಿಮರ್ಶೆಯೂ ಇಲ್ಲ. ಬರೀ ರೊಕ್ಕದ ಮಾತು. ಬೋರ್ ಅನ್ನಿಸುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ :) ಆದರೆ ನಿಮ್ಮಲ್ಲಿ ಬೆಂಗಳೂರಲ್ಲೋ ಪುಣೆಯಲ್ಲೋ ಕೂತು, ಊರಲ್ಲಿ ವಯಸ್ಸಾದ ಅಪ್ಪ-ಅವ್ವನನ್ನು ಬಿಟ್ಟು ಬಂದವರು ಇದ್ದೇ ಇರುತ್ತೀರಿ. ನೀವು ಮಾತ್ರ ದಯವಿಟ್ಟು ಓದಿ.

ನಮ್ಮೂರು ಮೋಟೆಬೆನ್ನೂರು. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯಲ್ಲಿ, ಬ್ಯಾಡಗಿಗೆ ತಿರುಗುವಲ್ಲಿ ಸಿಗುವ ಊರು. ಗಾಂಧೀಜಿ ಜೊತೆ ದಂಡಿಯವರೆಗೆ ನಡೆದ ಮೈಲಾರ ಮಹಾದೇವಪ್ಪನವರ ಊರು ಅಂದರೆ ಕೆಲವರಿಗಾದರೂ ಗೊತ್ತಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಅಲ್ಲೇ ಇದ್ದಾಳೆ. ಹೆದ್ದಾರಿ ಹತ್ತಿರ ನಮ್ಮದೊಂದು ಸಣ್ಣ ಪ್ಲಾಟ್ ಇತ್ತು, ಮಾರಿದೆವು. ಎಲ್ಲಾ ಖರ್ಚು ಕಳೆದು ಕೈಯಲ್ಲಿ ಉಳಿದದ್ದು ಹನ್ನೆರಡು ಲಕ್ಷ. ಇನ್ನು ಮುಂದೆ ಅವ್ವನ ಔಷಧ, ದಿನಸಿ, ಅಳಿಯ-ಬೀಗರ ಉಪಚಾರ ಎಲ್ಲವೂ ಇದರ ಬಡ್ಡಿಯಲ್ಲೇ ನಡೆಯಬೇಕು. ಇದನ್ನು ಎಲ್ಲಿಡೋಣ?

"ಸೊಸೈಟಿಯಾಗ ಇಡೋಣು. ಅವ್ರು ಒಂಬತ್ತೂವರಿ ಕೊಡ್ತಾರ, ಬ್ಯಾಂಕಿನವ್ರು ಆರೂಮುಕ್ಕಾಲು ಅಂತಾರ. ಇದ್ರಾಗ ವಿಚಾರ ಮಾಡೋದು ಏನೈತಿ?" ಅಂದರು ಕಾಕಾ. ಅವ್ವನ ಕಾರಣ ಬೇರೆ. "ಬ್ಯಾಂಕಿನ್ಯಾಗ ಕುಂತಾವ ಹಿಂದ್ಯಾಗ ಮಾತಾಡ್ತಾನ. ನಾ ಅಂದದ್ದು ಅವಂಗ ತಿಳಿಯಂಗಿಲ್ಲ, ಅವ ಅಂದದ್ದು ನಂಗ ತಿಳಿಯಂಗಿಲ್ಲ. ಸೊಸೈಟಿಗೆ ಹೋದ್ರ 'ಬಾ ಯವ್ವಾ, ಕುಂದ್ರು' ಅಂತಾರ."

ಅವ್ವನ ಮಾತನ್ನು ಹಳ್ಳಿ ಹೆಂಗಸಿನ ಮಾತು ಅಂತ ತಳ್ಳಿಹಾಕಬೇಡಿ. ಕನ್ನಡ ಕನ್ನಡ ಅಂತ ಇಲ್ಲಿ ಪುಟಗಟ್ಟಲೆ ಬರೆಯುವ ನಾವು ಒಮ್ಮೆ ಬ್ಯಾಂಕಿನ ಚಲನ್ ನೋಡಬೇಕು. ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ಅದರ ಬಲ ಇದ್ದದ್ದೇ ಮನೆಬಾಗಿಲಿಗೆ ಬಂದು, ನಮ್ಮ ಮಾತಿನಲ್ಲಿ ಮಾತಾಡಿ, ಪುಡಿಗಾಸನ್ನೂ ಗೌರವದಿಂದ ತಗೊಂಡು ಹೋಗುವುದರಲ್ಲಿ. ಆ ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ ಕರಗಿತು. ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿತು, ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬರೋಡಾ ಪಾಲಾಗಿತ್ತು. ನಮ್ಮ ಕಡೆ ಜನ ಹೆಚ್ಚು ನೆಚ್ಚಿಕೊಂಡಿದ್ದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಿಂದ ಹೆಸರಿಗೂ ಉಳಿಯಲಿಲ್ಲ. ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್, ಮುಖ್ಯ ಕಚೇರಿ ಬಳ್ಳಾರಿ. ಬ್ಯಾಂಕುಗಳು ದೊಡ್ಡವಾಗುತ್ತಾ ಹೋದಷ್ಟೂ ಅವ್ವನಂಥವರಿಗೆ ಕೌಂಟರ್ ದೂರ ಆಗುತ್ತಾ ಹೋಯಿತು. ಆ ಜಾಗದಲ್ಲಿ ಈಗ ಉಳಿದಿರುವುದು ಸೊಸೈಟಿ. ಪಾಸ್‌ಬುಕ್ ಕನ್ನಡದಲ್ಲಿ, ಅರ್ಜಿ ಕನ್ನಡದಲ್ಲಿ, ಜಗಳವೂ ಕನ್ನಡದಲ್ಲಿ!

ಸಾಲದ ವಿಷಯಕ್ಕೆ ಬಂದರಂತೂ ನಾನು ಪೂರ್ತಿ ಸೊಸೈಟಿ ಪಾರ್ಟಿ. ರೈತರಿಗೆ ಸಹಕಾರ ಸಂಘಗಳ ಮೂಲಕ ಕೊಡುವ ಬೆಳೆಸಾಲ ಮೂರು ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುತ್ತಿತ್ತು, 2023ರ ಬಜೆಟ್‌ನಲ್ಲಿ ಆ ಮಿತಿಯನ್ನು ಐದು ಲಕ್ಷಕ್ಕೆ ಏರಿಸಿದರು. ಹೇಳಿದ ದಿನಕ್ಕೆ ಕಟ್ಟಬೇಕು ಅನ್ನುವುದೊಂದೇ ಷರತ್ತು. (ಆ ದಿನಕ್ಕೆ ಕಟ್ಟೋಕೆ ರೊಕ್ಕ ಇಲ್ಲದವರು ಏನು ಮಾಡ್ತಾರೆ ಗೊತ್ತಾ? ಯಾರ ಹತ್ತಿರವೋ ನಾಲ್ಕು ದಿನಕ್ಕೆ ಕೈಗಡ ತಗೊಂಡು ಕಟ್ಟುತ್ತಾರೆ. ಸೊಸೈಟಿ ಮತ್ತೆ ಸಾಲ ಕೊಟ್ಟ ಕೂಡಲೇ ಅವನಿಗೆ ಬಡ್ಡಿ ಸಮೇತ ಹಿಂದಿರುಗಿಸುತ್ತಾರೆ. ಇದಕ್ಕೆ 'ರಿನೀವಲ್' ಅನ್ನುತ್ತಾರೆ. ಬಡ್ಡಿ ಇಲ್ಲದ ಸಾಲದ ಬಡ್ಡಿ ಇದು.) ಆದರೂ ದಲಾಲಿ ಅಂಗಡಿಯ ಸಾಲಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ದಲಾಲರ ಸಾಲ ತಗೊಂಡವನು ಮೆಣಸಿನಕಾಯಿಯನ್ನು ಅವರ ಅಂಗಡಿಗೇ ತರಬೇಕು, ಅವರು ಹೇಳಿದಾಗ ಮಾರಬೇಕು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು, ರೈತರು ಸಿಟ್ಟಿಗೆದ್ದು, ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ದರ ಬಿದ್ದ ದಿನ ಮಾಲನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿ ಮನೆಗೆ ಹೋಗುವ ತಾಕತ್ತು ಇರುವ ರೈತನಿಗೂ, ಅವತ್ತೇ ಮಾರಲೇಬೇಕಾದ ರೈತನಿಗೂ ಇರುವ ವ್ಯತ್ಯಾಸ ಬಹಳ ಸಲ ಅವನು ಸಾಲ ಎಲ್ಲಿಂದ ತಂದಿದ್ದಾನೆ ಅನ್ನುವುದರಲ್ಲೇ ಇರುತ್ತದೆ.

ಹಾಗಾದರೆ ಅವ್ವನ ಹನ್ನೆರಡು ಲಕ್ಷವನ್ನೂ ಅಲ್ಲೇ ಇಡಬಹುದಲ್ಲಾ? ಇಲ್ಲಿಯೇ ನನಗೂ ಕಾಕಾಗೂ ಎರಡು ದಿನ ಮಾತು ಜೋರಾಗಿದ್ದು.

ಸೊಸೈಟಿಯಿಂದ ತಗೊಳ್ಳುವುದು ಬೇರೆ, ಸೊಸೈಟಿಗೆ ಕೊಡುವುದು ಬೇರೆ. ಸಾಲ ತಗೊಂಡಾಗ ಅಪಾಯ ಅವರದ್ದು. ಠೇವಣಿ ಇಟ್ಟಾಗ ಅಪಾಯ ನಮ್ಮದು. ಬ್ಯಾಂಕ್ ಮುಳುಗಿದರೆ ಠೇವಣಿದಾರನಿಗೆ ವಿಮೆ ಇದೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ. 2020ರ ಫೆಬ್ರವರಿಗಿಂತ ಮೊದಲು ಇದು ಬರೀ ಒಂದು ಲಕ್ಷ ಇತ್ತು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ, ಡಿಸಿಸಿ ಬ್ಯಾಂಕುಗಳಿಗೂ ಈ ವಿಮೆ ಉಂಟು. ಆದರೆ ಊರಿನ ಕೃಷಿ ಪತ್ತಿನ ಸಂಘಕ್ಕೆ, ಪೇಟೆಯ ಪತ್ತಿನ ಸೊಸೈಟಿಗೆ, ಸೌಹಾರ್ದ ಸಹಕಾರಿಗೆ ಇಲ್ಲ. ಒಂದು ಪೈಸೆಗೂ ಇಲ್ಲ. ಹವಾನಿಯಂತ್ರಿತ ಆಫೀಸು, ಗಾಜಿನ ಬಾಗಿಲು, ಟೋಕನ್ ಮಷೀನು ನೋಡಿ ಜನ ಅದನ್ನೂ ಬ್ಯಾಂಕ್ ಅಂದುಕೊಳ್ಳುತ್ತಾರೆ. ಹೆಸರಲ್ಲಿ 'ಬ್ಯಾಂಕ್' ಅಂತ ಹಾಕಿಕೊಳ್ಳುವ ಸೊಸೈಟಿಗಳ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ನವೆಂಬರ್‌ನಲ್ಲಿ ಜನರನ್ನು ಎಚ್ಚರಿಸಬೇಕಾಯಿತು.

ಕಾಕಾನ ವಾದ, "ಬೆಂಗಳೂರಿನ ಸಹಕಾರಿ ಬ್ಯಾಂಕೂ ಮುಳುಗ್ಯಾವಲ್ಲ?" ನಿಜ. ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ 35 ಸಾವಿರಕ್ಕಿಂತ ಹೆಚ್ಚು ತೆಗೆಯುವ ಹಾಗಿರಲಿಲ್ಲ. ನಿವೃತ್ತಿಯ ಹಣ ಪೂರ್ತಿ ಅಲ್ಲೇ ಇಟ್ಟಿದ್ದ ಹಿರಿಯರು ಬೀದಿಗೆ ಬಂದು ನಿಂತದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಆದರೆ ಅದು ಬ್ಯಾಂಕ್ ಆಗಿತ್ತು, ವಿಮೆ ಇತ್ತು. ಐದು ಲಕ್ಷದೊಳಗಿನವರಿಗೆ ತಡವಾಗಿಯಾದರೂ ರೊಕ್ಕ ಬಂತು, ಹೆಚ್ಚು ಇಟ್ಟವರು ವರ್ಷಗಟ್ಟಲೆ ಅಲೆದರು. ಅದೇ ಒಂದು ಸೊಸೈಟಿ ಆಗಿದ್ದರೆ ಆ ಐದು ಲಕ್ಷವೂ ಇರುತ್ತಿರಲಿಲ್ಲ.

ಅಮೆರಿಕದಲ್ಲಿರುವ ನನ್ನ ಗೆಳೆಯನೊಬ್ಬ ಇದನ್ನು ಕೇಳಿ ನಕ್ಕ. ಅವನದ್ದು ಅಲ್ಲಿ ಕ್ರೆಡಿಟ್ ಯೂನಿಯನ್ ಖಾತೆ. ನಮ್ಮ ಸೊಸೈಟಿಯ ಥರವೇ, ಗ್ರಾಹಕರೇ ಮಾಲೀಕರು, ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಕಾರ್ ಸಾಲಕ್ಕೆ ಬ್ಯಾಂಕಿಗಿಂತ ಬಡ್ಡಿ ಕಡಿಮೆ ಅಂತ ಹೊಗಳಿದ್ದೇ ಹೊಗಳಿದ್ದು. "ಇಷ್ಟು ಒಳ್ಳೇದಕ್ಕೆ ಯಾಕಪ್ಪಾ ಹೆದರ್ತೀಯಾ?" ಅಂದ. ಅಲ್ಲಿ ಠೇವಣಿಗೆ ಎರಡೂವರೆ ಲಕ್ಷ ಡಾಲರ್‌ವರೆಗೆ ಸರ್ಕಾರದ ಬೆಂಬಲದ ವಿಮೆ ಇದೆ ಮಾರಾಯಾ, ನಮ್ಮಲ್ಲಿ ಇರೋದು ಕಾರ್ಯದರ್ಶಿಯ ಮುಖ ಅಷ್ಟೇ ಅಂದೆ.

ಅಂದ ಹಾಗೆ, ಈ ಸಹಕಾರದ ಕಥೆ ಶುರುವಾದದ್ದೇ ನಮ್ಮ ಸೀಮೆಯಲ್ಲಿ ಅನ್ನುವುದು ಎಷ್ಟು ಜನರಿಗೆ ಗೊತ್ತೋ. ಜರ್ಮನಿಯ ರೈಫೈಸನ್ ಅನ್ನುವವನು ಹಳ್ಳಿಗಳಲ್ಲಿ ಕಟ್ಟಿದ ಸಾಲದ ಸಂಘಗಳ ಮಾದರಿಯಲ್ಲಿ ಬ್ರಿಟಿಷರು 1904ರಲ್ಲಿ ಕಾಯ್ದೆ ತಂದರು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಆಗ ಗದಗವೂ ಧಾರವಾಡ ಜಿಲ್ಲೆ, ಹಾವೇರಿಯೂ ಧಾರವಾಡ ಜಿಲ್ಲೆ (1997ರವರೆಗೂ ಹಾಗೇ ಇತ್ತು), ಅಂದರೆ ನಮ್ಮದೇ ಮನೆಯ ಸುದ್ದಿ.

ಆ ಕಾಲದ ಹಳ್ಳಿ ಸಂಘಗಳಲ್ಲಿ ಒಂದು ವಿಶೇಷ ಇತ್ತು. ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯವರೆಗೂ ಜವಾಬ್ದಾರ. ಪಕ್ಕದ ಮನೆಯವನು ಸಾಲ ತಗೊಂಡು ಜಾತ್ರೆಯಲ್ಲಿ ಹಾರಿಸಿದರೆ ನನ್ನ ಎತ್ತಿಗೆ ಕುತ್ತು. ಹಾಗಾಗಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಊರೆಲ್ಲಾ ಕಣ್ಣಿಟ್ಟು ನೋಡುತ್ತಿತ್ತು. ಈಗಿನ ಸೊಸೈಟಿಗಳ ಬೋರ್ಡನ್ನು ಸರಿಯಾಗಿ ಓದಿ. ಹೆಸರಿನ ಕೊನೆಗೆ ಸಣ್ಣಗೆ 'ನಿ.' ಅಂತ ಇರುತ್ತದೆ. ನಿಯಮಿತ. ನನ್ನ ಹೊಣೆ ನನ್ನ ಷೇರಿನಷ್ಟೇ. ಇದು ಒಳ್ಳೆಯದೇ, ಇಲ್ಲದಿದ್ದರೆ ಯಾರೂ ಸದಸ್ಯರಾಗುತ್ತಿರಲಿಲ್ಲ. ಆದರೆ ಹೊಣೆಯ ಜೊತೆಗೆ ಕಣ್ಣೂ ಹೋಯಿತು. ಇವತ್ತು ಠೇವಣಿ ಇಟ್ಟವನು ಸಾಲ ತಗೊಂಡವನ ಕಡೆ ನೋಡುವುದಿಲ್ಲ, ಬಡ್ಡಿ ದರದ ಬೋರ್ಡ್ ಕಡೆ ನೋಡುತ್ತಾನೆ.

ಎಲ್ಲರೂ ಪರಿಚಯದವರು ಅನ್ನುವುದು ಎರಡು ಕಡೆ ಕೊಯ್ಯುವ ಕತ್ತಿ. ಕಾರ್ಯದರ್ಶಿಗೆ ಅವ್ವ ಗೊತ್ತು, ಹಾಗೆಯೇ ನಿರ್ದೇಶಕರ ಅಳಿಯನೂ ಗೊತ್ತು. ಅವ್ವ ಕೇಳಿದ ಇಪ್ಪತ್ತು ಸಾವಿರ ಅರ್ಧ ಗಂಟೆಯಲ್ಲಿ ಸಿಗುವ ಕಡೆ, ಅಳಿಯ ಕೇಳಿದ ಇಪ್ಪತ್ತು ಲಕ್ಷವೂ ಅಷ್ಟೇ ಬೇಗ ಸಿಗಬಹುದು. ವಸೂಲಿಗೆ ಹೋಗುವಾಗ ಮಾತ್ರ "ನಮ್ಮವರೇ ಅಲ್ಲೇನ್ರೀ, ಹೆಂಗ ಕೇಳೋದು" ಅನ್ನುವ ಸಂಕೋಚ. ಅದರ ಮೇಲೆ ಜಾಮೀನು ಅನ್ನುವ ಪೀಡೆ ಬೇರೆ. ಸೊಸೈಟಿ ಸಾಲಕ್ಕೆ ಸಹಿ ಹಾಕಿದ ಒಬ್ಬರ ಮನೆಗೆ ನೋಟಿಸ್ ಬಂದ ಮೇಲೆ ಎರಡು ಕುಟುಂಬ ಮದುವೆ ಮನೆಯಲ್ಲಿ ಎದುರುಬದುರು ಕೂತು ಮಾತಾಡದೆ ಊಟ ಮಾಡಿ ಎದ್ದದ್ದನ್ನು ನೋಡಿದ್ದೇನೆ. ಮೇಲಿಂದ ಯಾರ ಮನೆಯ ಬಂಗಾರ ಅಡ ಇದೆ, ಯಾರದ್ದು ಸುಸ್ತಿ ಆಗಿದೆ ಅನ್ನುವುದು ಸಂಜೆಯೊಳಗೆ ಚಹಾ ಅಂಗಡಿಗೆ ಮುಟ್ಟಿರುತ್ತದೆ. ಬ್ಯಾಂಕಿನ ಹಿಂದಿಯವನಿಗೆ ನಮ್ಮ ಗುಟ್ಟು ಹೇಳಿಕೊಳ್ಳೋಕೆ ಊರಲ್ಲಿ ಯಾರೂ ಇಲ್ಲ, ಅದೊಂದು ಲಾಭವೇ!

ಕೊನೆಗೆ ಕಾಕಾನ ಮುಂದೆ ಲೆಕ್ಕ ಹಾಕಿದೆ. ಹನ್ನೆರಡು ಲಕ್ಷಕ್ಕೆ ಒಂಬತ್ತೂವರೆಯಂತೆ ವರ್ಷಕ್ಕೆ 1,14,000. ಆರೂಮುಕ್ಕಾಲಿನಂತೆ 81,000. ವ್ಯತ್ಯಾಸ 33,000. ಒಂದು ವೇಳೆ ಅಸಲು ಹೋದರೆ, ಹೋದ ಹನ್ನೆರಡು ಲಕ್ಷಕ್ಕೆ ಈ ಹೆಚ್ಚಿನ ಬಡ್ಡಿ ಸಮ ಆಗಬೇಕಾದರೆ ಮೂವತ್ತಾರು ವರ್ಷ ಬೇಕು. ಅವ್ವನಿಗೆ ಈಗ ಎಪ್ಪತ್ತು ಹತ್ತಿರ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ್ ವರ್ಷ ನಾವ್ಯಾರೂ ಇರಂಗಿಲ್ಲ ಬಿಡು" ಅಂದರು. ಅದನ್ನೇ ಒಪ್ಪಿಗೆ ಅಂದುಕೊಂಡೆ. ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿ ನಾಲ್ಕೂವರೆ ನಾಲ್ಕೂವರೆ ಲಕ್ಷ. (ಪೂರ್ತಿ ಐದು ಯಾಕಲ್ಲ ಅಂದರೆ, ವಿಮೆಯ ಮಿತಿಯಲ್ಲಿ ಬಡ್ಡಿಯೂ ಸೇರಿರುತ್ತದೆ.) ಉಳಿದ ಮೂರು ಲಕ್ಷ ಅವ್ವನ ಹಟಕ್ಕೆ ಸೊಸೈಟಿಯಲ್ಲಿ. ನನ್ನ ಪ್ರಕಾರ ಅದು ಹೆಚ್ಚಾಯಿತು, ಅವ್ವನ ಪ್ರಕಾರ ಬಹಳ ಕಡಿಮೆ. ಬ್ಯಾಂಕಿನಲ್ಲಿಟ್ಟಿದ್ದರಿಂದ ಕಡಿಮೆಯಾಗುವ ಬಡ್ಡಿ ತಿಂಗಳಿಗೆ ಎರಡು ಸಾವಿರದಷ್ಟು, ಅದನ್ನು ನಾನು ಕಳಿಸುತ್ತೇನೆ. ಊರಲ್ಲಿ ವಯಸ್ಸಾದವರನ್ನು ಬಿಟ್ಟು ಬಂದು, "ಅಲ್ಲಿ ಇಡಬೇಡಿ, ರಿಸ್ಕು" ಅಂತ ಫೋನಿನಲ್ಲಿ ಉಪದೇಶ ಮಾಡುವ ನಾವೆಲ್ಲಾ ಮೊದಲು ಆ ಎರಡು ಸಾವಿರದ ವ್ಯವಸ್ಥೆ ಮಾಡಬೇಕು ಅನ್ನಿಸುತ್ತದೆ. ಅವರು ಹೆಚ್ಚು ಬಡ್ಡಿಗೆ ಆಸೆಪಡುವುದು ದುರಾಸೆಯಿಂದಲ್ಲ, ಔಷಧದ ಬಿಲ್ಲಿಗೆ. (ಇನ್ನೊಂದು ಮಾತು, ಸಣ್ಣ ಸೊಸೈಟಿಗಳು ಸದಸ್ಯರ ಬಡ್ಡಿಯಲ್ಲಿ ಟಿಡಿಎಸ್ ಹಿಡಿಯುವುದಿಲ್ಲ. ಹಿಡಿಯಲಿಲ್ಲ ಅಂದರೆ ತೆರಿಗೆಯೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ.)

ಸೊಸೈಟಿಯಲ್ಲಿ ರೊಕ್ಕ ಇಟ್ಟ ಮೇಲೆ ನಾನು ಮಾಡಲು ಹೊರಟಿರುವುದು ಒಂದೇ, ವಾರ್ಷಿಕ ಸಭೆಗೆ ಅವ್ವನ ಜೊತೆ ಹೋಗುವುದು. ಬ್ಯಾಂಕಿನ ಚೇರ್ಮನ್‌ನನ್ನು ನಾವು ಯಾರೂ ಪ್ರಶ್ನೆ ಕೇಳಲಾರೆವು, ಸೊಸೈಟಿಯ ಅಧ್ಯಕ್ಷರನ್ನು ಕೇಳಬಹುದು, ಸದಸ್ಯಳಾದ ಅವ್ವನಿಗೆ ಆ ಹಕ್ಕಿದೆ. (ನಿಮ್ಮವರು ಪೂರ್ಣ ಸದಸ್ಯರೋ, ಬರೀ ನಾಮಮಾತ್ರ ಸದಸ್ಯರೋ ನೋಡಿಕೊಳ್ಳಿ. ನಾಮಮಾತ್ರದವರಿಗೆ ಮತ ಇಲ್ಲ.) ಸಾಮಾನ್ಯವಾಗಿ ಈ ಸಭೆಗಳಲ್ಲಿ ಆಗುವುದಿಷ್ಟು. ಸ್ವಾಗತ, ಶಾಲು, ಹಾರ, ವರದಿ ಓದು, "ಎಲ್ಲರೂ ಒಪ್ಪಿದ್ರಿ ಅಲ್ಲಾ?", ಚಪ್ಪಾಳೆ, ಉಪ್ಪಿಟ್ಟು, ಶಿರಾ. ವರದಿಯ ಪುಸ್ತಕ ಮನೆಗೆ ಬಂದು ರೊಟ್ಟಿ ಬುಟ್ಟಿಯ ತಳಕ್ಕೆ ಹೋಗುತ್ತದೆ. ಅದರಲ್ಲೇ ಎಲ್ಲಾ ಇರುತ್ತದೆ. ಲೆಕ್ಕ ಪರಿಶೋಧಕರು ಕೊಟ್ಟ ವರ್ಗ ಎ-ಯೋ, ಬಿ-ಯೋ, ಸಿ-ಯೋ ಅನ್ನುವುದು. ಕೊಟ್ಟ ಸಾಲದಲ್ಲಿ ಸುಸ್ತಿ ಎಷ್ಟು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ. ನಿರ್ದೇಶಕರು ಮತ್ತು ಅವರ ಸಂಬಂಧಿಕರ ಹೆಸರಲ್ಲಿ ಎಷ್ಟು ಸಾಲ ಇದೆ ಅನ್ನುವುದು ಅಲ್ಲಿ ಕಾಣದಿದ್ದರೆ ಎದ್ದು ನಿಂತು ಕೇಳಬೇಕು. ಉಪ್ಪಿಟ್ಟಿಗೆ ಮೊದಲೇ ಕೇಳಬೇಕು, ಆಮೇಲೆ ಯಾರೂ ಇರುವುದಿಲ್ಲ :)

ನಿಮ್ಮೂರಿನ ಸೊಸೈಟಿಯ ಸಭೆಯಲ್ಲಿ ಯಾರಾದರೂ ಹೀಗೆ ಕೇಳಿದ್ದುಂಟಾ? ಕೇಳಿದ್ದರೆ ಏನು ಉತ್ತರ ಬಂತು, ಬರೆದು ತಿಳಿಸಿ. ಸೆಪ್ಟೆಂಬರ್‌ಗೆ ಮೊದಲು ಗೊತ್ತಾದರೆ ನನಗೆ ಉಪಯೋಗ ಆಗುತ್ತದೆ.