ನಮ್ಮ ಹೆಣ್ಣುಮಕ್ಕಳು "ಹುಟ್ಟಾ ಗಟ್ಟಿ" ಅಂದವರಿಗೆ



ಕಳೆದ ವಾರ ನಮ್ಮ ತಾಲೂಕಿನ ಹೆಣ್ಣುಮಕ್ಕಳ ಹಾಸ್ಟೆಲ್ ವಿಚಾರಕ್ಕೆ ಒಂದು ಸಭೆ ಇತ್ತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ನಾವು ಕೇಳಿದ್ದು ದೊಡ್ಡದೇನಲ್ಲ. ಹಾಸ್ಟೆಲ್ ಹಿಂದಿನ ಜಾಗದಲ್ಲಿ ಬೆಳೆದಿರೋ ಜಾಲಿ ಕಡಿಸಿ, ಒಂದು ಖೋ ಖೋ ಅಂಕಣ ಮಾಡಿಸಿ, ಸಂಜೆ ಒಂದು ಗಂಟೆ ಮಕ್ಕಳನ್ನ ಆಡೋಕೆ ಬಿಡಿ ಅಂತ. ಅಲ್ಲಿದ್ದ ಅಧಿಕಾರಿಯೊಬ್ಬರು ನಗ್ತಾ ಹೇಳಿದ್ರು: "ಏನಮ್ಮಾ, ಇವರೆಲ್ಲ ಕೂಲಿಯವರ ಮಕ್ಕಳು. ಹುಟ್ಟಾ ಗಟ್ಟಿ. ಇವರಿಗೆ ಎಂಥ ವ್ಯಾಯಾಮ? ಓದ್ಲಿ ಬಿಡಿ." ನಾಲ್ಕು ಜನ ನಕ್ಕರು. ಅದರಲ್ಲಿ ನಮ್ಮವರೂ ಇಬ್ಬರಿದ್ದರು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಹುಟ್ಟಾ ಗಟ್ಟಿ ಅನ್ನೋದು ಹೊಗಳಿಕೆ ಅಲ್ಲ. ಎತ್ತಿಗೂ ಹಂಗೇ ಅಂತಾರೆ, ನೊಗ ಹೂಡೋಕೆ ಮುಂಚೆ. ಸತ್ಯ ಏನು ಅಂದ್ರೆ, ಕೇಂದ್ರ ಸರ್ಕಾರದ್ದೇ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಈ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಮ್ಮಿ ಅಂದ್ರೆ ಸ್ನಾಯುಗಳಿಗೆ ಆಮ್ಲಜನಕ ಕಮ್ಮಿ. ಎರಡು ಸುತ್ತು ಓಡೋಷ್ಟರಲ್ಲಿ ಉಬ್ಬಸ ಬರುತ್ತೆ, ಕಣ್ಣು ಕತ್ತಲೆ ಕಟ್ಟುತ್ತೆ. ಅದಕ್ಕೆ ಪಿ.ಟಿ. ಮೇಷ್ಟ್ರು ಇಡೋ ಹೆಸರು "ಸೋಂಬೇರಿ". 2021ರಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಬೇಡ ಅಂತ ಎದ್ದು ನಿಂತ ಮಠಾಧೀಶರನ್ನ ಈ ಹೊತ್ತಲ್ಲಿ ನೆನೆಸಿಕೊಳ್ಳಲೇಬೇಕು. ತಿನ್ನೋದನ್ನ ಕಿತ್ತುಕೊಳ್ಳೋದು, ಆಮೇಲೆ ಗಟ್ಟಿ ಅನ್ನೋದು.

"ನೀರು ಹೊರ್ತಾರೆ, ಸೌದೆ ಹೊರ್ತಾರೆ, ಅದೇ ವ್ಯಾಯಾಮ ಅಲ್ವಾ?" ಇದನ್ನ ನಮ್ಮ ಸಂಘಟನೆಯ ಅಣ್ಣಂದಿರೂ ಕೇಳ್ತಾರೆ. ಅಲ್ಲ ಅಣ್ಣ. ತಲೆ ಮೇಲೆ ಕೊಡ ಹೊತ್ತು ನಡೆದರೆ ಕುತ್ತಿಗೆ, ಸೊಂಟ ಸವೆಯುತ್ತೆ. ವ್ಯಾಯಾಮದಲ್ಲಿ ಭಾರ ಸ್ವಲ್ಪ ಸ್ವಲ್ಪ ಏರುತ್ತೆ, ನಡುವೆ ವಿಶ್ರಾಂತಿ ಇರುತ್ತೆ, ಮೇಲೆ ಊಟ ಇರುತ್ತೆ. ಸುಸ್ತಾದರೆ ನಿಲ್ಲಿಸಬಹುದು. ಕೂಲಿಯಲ್ಲಿ ನಿಲ್ಲಿಸಿದರೆ ಸಂಬಳ ಕಟ್. ನಮ್ಮವ್ವ ಮೂವತ್ತು ವರ್ಷ ಕಳೆ ಕಿತ್ತಳು, ಈಗ ಮೊಣಕಾಲು ಮಡಿಸೋಕಾಗಲ್ಲ. ಅದನ್ನ ಫಿಟ್‌ನೆಸ್ ಅಂತೀರಾ?

ಮೈನೆರೆಯೋ ವಯಸ್ಸಲ್ಲಿ ಹುಡುಗಿಯರ ಮೈಯಲ್ಲಿ ಕೊಬ್ಬಿನಂಶ ಏರುತ್ತೆ. ಅದು ಪ್ರಕೃತಿ, ಅದಕ್ಕೆ ಯಾರೂ ನಾಚಬೇಕಿಲ್ಲ, ಯಾರೂ ಆಡಿಕೊಳ್ಳಲೂಬಾರದು. ಆದರೆ ಅದೇ ಹೊತ್ತಲ್ಲಿ ಮೂಳೆಯೂ ಕಟ್ಟುತ್ತೆ. ದೊಡ್ಡವಳಾದ ಮೇಲೆ ಇರೋ ಮೂಳೆಯ ಖನಿಜಾಂಶದಲ್ಲಿ ಸುಮಾರು ಕಾಲು ಭಾಗ, ಎತ್ತರ ಜೋರಾಗಿ ಬೆಳೆಯೋ ಆ ಎರಡೇ ವರ್ಷದಲ್ಲಿ ಕೂಡಿಕೊಳ್ಳುತ್ತೆ. ಓಟ, ಜಿಗಿತ, ಹಗ್ಗದಾಟ ಇವೆಲ್ಲ ಮೂಳೆಗೆ ಪೆಟ್ಟು ಕೊಟ್ಟು ಗಟ್ಟಿ ಮಾಡ್ತವೆ. ವಾರಕ್ಕೆ ಮೂರು ಸಲದಂತೆ ಎರಡು ಮೂರು ತಿಂಗಳು ಓಟ ಮತ್ತು ಸ್ನಾಯು ಬಲದ ಕಸರತ್ತು ಎರಡೂ ಮಾಡಿಸಿದರೆ ಕೊಬ್ಬಿನ ಪಾಲು ಇಳಿಯುತ್ತೆ, ಸ್ನಾಯು ಏರುತ್ತೆ, ದಮ್ಮು ಹೆಚ್ಚುತ್ತೆ. ತಕ್ಕಡಿಯಲ್ಲಿ ಮಾತ್ರ ತೂಕ ಹಾಗೇ ನಿಂತಿರಬಹುದು. ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿರುತ್ತಲ್ಲ. ಹಾಗಾಗಿ ಬರೀ ತೂಕ, ಬಿಎಂಐ ಬರೆದುಕೊಂಡು ರಿಜಿಸ್ಟರ್ ಮುಚ್ಚೋರನ್ನ ನಂಬಬೇಡಿ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಎಷ್ಟೋ ವರ್ಷದಿಂದ ಹೇಳ್ತಿದ್ದಾರೆ, ನಮ್ಮ ದೇಶದವರು ನೋಡೋಕೆ ಸಣ್ಣಗಿದ್ದರೂ ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ ಅಂತ. ಅದು ಮುಂದೆ ಸಕ್ಕರೆ ಕಾಯಿಲೆಗೆ ದಾರಿ. ಅಂದ್ರೆ ಸಣಕಲು ಹುಡುಗಿಗೂ ವ್ಯಾಯಾಮ ಬೇಕು, ಆಟ ದಪ್ಪಗಿರೋರ ತೂಕ ಇಳಿಸೋಕೆ ಮಾತ್ರ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರೋ ಚಟುವಟಿಕೆ ಬೇಕು ಅನ್ನುತ್ತೆ. 2016ರ ಲೆಕ್ಕದಲ್ಲಿ ಜಗತ್ತಿನ ಶಾಲೆಗೆ ಹೋಗೋ ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 85ರಷ್ಟು ಜನಕ್ಕೆ ಅಷ್ಟು ಸಿಗ್ತಿಲ್ಲ, ಹುಡುಗರಲ್ಲಿ 78. ನಮ್ಮಲ್ಲಿ ಖೇಲೋ ಇಂಡಿಯಾ ಪರೀಕ್ಷೆಯಲ್ಲಿ 600 ಮೀಟರ್ ಓಟ ಇದೆ. ಅಲ್ಲ ಸ್ವಾಮಿ, 600 ಮೀಟರ್ ಓಡಿಸೋಕೆ ಮೊದಲು ಜಾಗ ಎಲ್ಲಿದೆ ತೋರಿಸಿ.

ಈಗ ನಮ್ಮ ಮನೆ ಕಡೆ ಬರ್ತೀನಿ, ಬೈಕೊಂಡರೆ ಬೈಕೊಳ್ಳಿ. ನಾನು ಏಳನೇ ಕ್ಲಾಸಲ್ಲಿ ಖೋ ಖೋ ಆಡ್ತಿದ್ದೆ. ಹೋಬಳಿ ಮಟ್ಟ ಗೆದ್ದು ತಾಲೂಕಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಮೈನೆರೆದೆ. ಅಪ್ಪ ಒಂದೇ ಮಾತು ಅಂದ, "ಸಾಕು." ಅಪ್ಪನ ಭಯ ಸುಳ್ಳಲ್ಲ, ಮೇಲ್ಕೇರಿ ದಾಟಿ ಬರೋ ಹುಡುಗಿ ಮೇಲೆ ಯಾರ ಕಣ್ಣು ಬೀಳುತ್ತೆ ಅಂತ ಅವನಿಗೆ ಗೊತ್ತಿತ್ತು. ಆದರೂ ಆಟ ಬಿಡಿಸಿದ್ದು ಅಪ್ಪನೇ. ಇವತ್ತೂ ಕೇರಿಯ ಅಣ್ಣಂದಿರು ಕ್ರಿಕೆಟ್ ಟೂರ್ನಮೆಂಟಿಗೆ ಚಂದಾ ಎತ್ತುತ್ತಾರೆ, ಟೀ ಶರ್ಟ್ ಮೇಲೆ ಬಾಬಾಸಾಹೇಬರ ಫೋಟೋ ಹಾಕಿಸ್ತಾರೆ. ತಂಗಿಯಂದಿರು ಎಲ್ಲಿ? ಅನ್ನದ ಪಾತ್ರೆ ಹತ್ತಿರ. ಓಡುವಾಗ ಹಾಕ್ಕೊಳ್ಳೋಕೆ ಸರಿಯಾದ ಒಳಉಡುಪು ಇಲ್ಲ ಅಂತ ಆಟ ಬಿಟ್ಟ ಹುಡುಗಿಯರು ನನಗೆ ಗೊತ್ತು. ಈ ಮಾತನ್ನ ಯಾವ ವೇದಿಕೆಯಲ್ಲೂ ಯಾರೂ ಆಡಲ್ಲ.

ಮೈದಾನಕ್ಕೂ ಜಾತಿ ಇದೆ. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಅಂಥವರಿಗೆ ಪುಣೆಯಲ್ಲಿ ಚಹಾ ಕೊಟ್ಟದ್ದು ಹೊರಗೆ ನಿಲ್ಲಿಸಿ, ಬೇರೆ ಲೋಟದಲ್ಲಿ. ಆಯ್ತು, ಅದು ಹಳೇ ಕಾಲ. 2021ರಲ್ಲಿ ವಂದನಾ ಕಟಾರಿಯಾ ಟೋಕಿಯೊದಲ್ಲಿ ಹ್ಯಾಟ್ರಿಕ್ ಗೋಲು ಹೊಡೆದಳು, ಒಲಿಂಪಿಕ್ಸ್ ಹಾಕಿಯಲ್ಲಿ ಹಂಗೆ ಹೊಡೆದ ಮೊದಲ ಭಾರತೀಯ ಹೆಣ್ಣುಮಗಳು. ಕೆಲವೇ ದಿನದಲ್ಲಿ ಸೆಮಿಫೈನಲ್ ಸೋತಾಗ ಹರಿದ್ವಾರದ ಹತ್ತಿರದ ಅವಳ ಮನೆ ಮುಂದೆ ಪಟಾಕಿ ಹೊಡೆದು, ದಲಿತರು ಜಾಸ್ತಿಯಾಗಿದ್ದಕ್ಕೇ ಟೀಮ್ ಸೋತಿದ್ದು ಅಂತ ಜಾತಿ ಹಿಡಿದು ಬೈದರು ಅಂತ ಮನೆಯವರು ದೂರು ಕೊಟ್ಟರು. ಆ ಹುಡುಗಿ ಹುಟ್ಟಾ ಗಟ್ಟಿಯಾಗಿ ಒಲಿಂಪಿಕ್ಸಿಗೆ ಹೋಗಲಿಲ್ಲ. ವರ್ಷಗಟ್ಟಲೆ ಓಡಿ ಓಡಿ ಹೋದಳು.

ಸೋಮವಾರ ನಾನು ಮಾಹಿತಿ ಹಕ್ಕು ಅರ್ಜಿ ಹಾಕ್ತಿದ್ದೀನಿ. ಕೇಳೋದು ಇಷ್ಟು: ತಾಲೂಕಿನ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಎಷ್ಟಕ್ಕೆ ಆಟದ ಜಾಗ ಇದೆ, ಮೂರು ವರ್ಷದಲ್ಲಿ ಕ್ರೀಡಾ ಸಾಮಗ್ರಿಗೆ ಎಷ್ಟು ಖರ್ಚಾಗಿದೆ, ಬಿಲ್ಲು ಎಲ್ಲಿ, ಮಕ್ಕಳ ಹಿಮೋಗ್ಲೋಬಿನ್ ಕೊನೆಯ ಸಲ ನೋಡಿದ್ದು ಯಾವಾಗ. ಗುಮಾಸ್ತೆ ಕೆಲಸ ಮಾಡೋಳು ನಾನು, ಫೈಲು ಎಲ್ಲಿ ಮಲಗುತ್ತೆ ಅಂತ ಗೊತ್ತು. ಅರ್ಜಿ ನಮೂನೆ ಮೊದಲ ಕಾಮೆಂಟಲ್ಲಿ ಹಾಕಿದ್ದೀನಿ. ನಿಮ್ಮ ತಾಲೂಕಿನ ಹೆಸರು ಬದಲಾಯಿಸಿ ಹಾಕಿ, ಉತ್ತರ ಬಂದ ಮೇಲೆ ನನಗೂ ಒಂದು ಕಾಪಿ ಕಳಿಸಿ.